ಗುಡಿಯ ಅಟ್ಟ ಹತ್ತದ ಕಾಯಿ

ಲೇಡೀಸ್ ಹಾಸ್ಟೆಲ್, ಬೆಂಗಳೂರು
೧೫ ಫೆಬ್ರವರಿ ೧೯೭೯, ಗುರುವಾರ

ಶೆಟ್ಟಿಕೆರೆಯಲ್ಲಿರುವ ನನ್ನ ಅಮ್ಮನಿಗೆ ಗಿರಿಜಾ ಮಾಡುವ ನಮಸ್ಕಾರ.

ಮೊದಲಿಗೆ ಸಾರಿ ಅಮ್ಮ. ಬರೆಯಬೇಡ ಅಂತ ನೀನು ಹೇಳಿದ್ದರೂ ಬರೆಯಲು ಕೂತಿದ್ದೇನೆ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನಿನ್ನ ಟ್ರಂಕನ್ನು ಟಾಪಿಗೆ ಹಾಕುತ್ತಿದ್ದಾಗ ನೀನು, “ಕಾಗ್ದ ಗೀಗ್ದ ಬರಿಯಕ್ಕೋಗ್ಬ್ಯಾಡ ಕಣೇ, ಎಲ್ಲ ಒಂದೀಟು ತಣ್ಣಗಾಗ್ಲಿ” ಅಂದೆ. ನಾನು ಹೂಂ ಅಂದೆ. ನನ್ನ ಮಟ್ಟಿಗೆ ಎಲ್ಲ ಆಗಲೇ ತಣ್ಣಗಾಗಿದೆ, ನನಗೆ ಭಯ ಇರುವುದೇ ಅದಕ್ಕೆ. ಕ್ಲಾಸಿಗೆ ಹೋಗುತ್ತೇನೆ, ಪ್ರಾಕ್ಟಿಕಲ್ಸ್ ಮಾಡುತ್ತೇನೆ, ಬೆಲ್ ಹೊಡೆದರೆ ಊಟಕ್ಕೆ ಏಳುತ್ತೇನೆ. ಮೊನ್ನೆ ಸಾರಿಗೆ ಉಪ್ಪು ಜಾಸ್ತಿ ಅಂತ ಮೆಸ್ಸಿನಲ್ಲಿ ದೊಡ್ಡ ಗಲಾಟೆಯಾಯಿತು. ಅಷ್ಟು ಹೊತ್ತಿಗೆ ನಾನು ಮತ್ತೊಂದು ಸಲ ಬಡಿಸಿಕೊಂಡು ಉಂಡು ಮುಗಿಸಿದ್ದೆ.

ಇನ್‌ಲ್ಯಾಂಡಿನಲ್ಲಿ ಹಿಡಿಸುವುದಿಲ್ಲ ಅಂತ ಕೆಮಿಸ್ಟ್ರಿ ರೆಕಾರ್ಡಿನ ಹಾಳೆ ಹರಿದುಕೊಂಡಿದ್ದೇನೆ. ಒಂದು ಮಗ್ಗುಲಲ್ಲಿ ಗೆರೆ ಇಲ್ಲ, ಸಾಲು ಸೊಟ್ಟ ಹೋದರೆ ಸಹಿಸಿಕೋ. ಎಂಟು ವರ್ಷದವಳಿದ್ದಾಗಿನಿಂದ ಹಾಸ್ಟೆಲ್ಲಿನಲ್ಲಿ ಇಂಗ್ಲಿಷಿನಲ್ಲೇ ಬೈಸಿಕೊಂಡು ಬೆಳೆದವಳು ನಾನು, ಕನ್ನಡ ಬರೆಯುವಾಗ ಪೆನ್ನು ತಡವರಿಸುತ್ತದೆ. ಇದನ್ನು ಕರಿಬಸವಯ್ಯ ಮಾವನ ಕೈಗೆ ಕೊಟ್ಟು ಓದಿಸಬೇಡ. ನಿಧಾನವಾದರೂ ಪರವಾಗಿಲ್ಲ, ನೀನೇ ಓದು.

ಕ್ಷೇಮಸಮಾಚಾರ ಏನು ಕೇಳಲಿ? ಆ ಒಂದು ಕಾಯಿಯ ದೆಸೆಯಿಂದ ನೀನು ನಿನ್ನ ಮನೆ ಬಿಟ್ಟು ಅಣ್ಣನ ಮನೆಯಲ್ಲಿ ಕೂತಿದ್ದೀಯ. ನಾಲ್ಕು ದಿನ ಅಂತ ಅಪ್ಪ ಹೇಳಿದ್ದು, ಈಗ ಎಷ್ಟಾಯಿತು ಅಂತ ಎಣಿಸಲು ಹೋಗಿಲ್ಲ. ಅಪ್ಪ ಕರೆಸಿಕೊಳ್ಳುವ ಸೂಚನೆ ಏನಾದರೂ ಇದೆಯೇ? ಅಪ್ಪನ ಡ್ರೈವರ್ ನಂಜುಂಡಪ್ಪನ ಕೈಲಿ ಕೇಳಿಸಿದರೆ, “ಸಾಹೇಬ್ರು ಅಮ್ಮೋರ ಮಾತೇ ಎತ್ತಲ್ಲ ಕಣವ್ವ” ಅಂದ.

ಬರೆಯಲೇಬೇಕಾಗಿ ಬಂದದ್ದು ನಮ್ಮ ವಾರ್ಡನ್‌ನಿಂದ. ಅದನ್ನು ಹೇಳುವುದಕ್ಕೆ ಹಾಲಸ್ವಾಮಿ ಮಾವನಿಂದ ಶುರು ಮಾಡಬೇಕು. ನಿನಗೆ ಗೊತ್ತಿರುವುದೇ, ಆದರೂ ಒಂದು ಸಲ ಸಾಲಾಗಿ ಬರೆದುಕೊಂಡರೆ ನನಗೇ ಏನಾದರೂ ಅರ್ಥವಾದೀತು ಅಂತ ಆಸೆ.

ಅಪ್ಪ ಮೊದಲ ಸಲ ಎಮ್ಮೆಲ್ಲೆ ಆದ ವರ್ಷ ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟರಲ್ಲ, ಆಗ ಜೀಪು ಓಡಿಸಿಕೊಂಡು ಬಂದದ್ದು ಅಪ್ಪನ ಗೆಳೆಯ ಹಾಲಸ್ವಾಮಿ ಮಾವನೇ. ಲೋಕಲ್ ಗಾರ್ಡಿಯನ್ ಅಂತ ಒಬ್ಬರು ಬೇಕು ಎಂದಾಗ ಅಪ್ಪ ಅವರ ಹೆಗಲ ಮೇಲೆ ಕೈ ಹಾಕಿ, “ಇವನೇ ನನ್ನ ತಮ್ಮ ಅಂತ ಬರ್ಕೊಳ್ಳಿ ಮೇಡಂ” ಅಂದಿದ್ದರು. ಭಾನುವಾರ ಬೇರೆ ಹುಡುಗಿಯರಿಗೆ ಅಪ್ಪ ಅಮ್ಮ ಬಂದರೆ ನನಗೆ ಬರುತ್ತಿದ್ದದ್ದು ಹಾಲಸ್ವಾಮಿ ಮಾವ. ರಾಜಾಜಿನಗರದ ಅವರ ಮನೆಯಲ್ಲಿ ಪುಟ್ಟಗೌರಮ್ಮತ್ತೆ ನನ್ನ ತಲೆಗೆ ಎಣ್ಣೆ ಒತ್ತಿ ನೀರು ಹಾಕಿ, ಹೊಟ್ಟೆ ಬಿರಿಯುವಷ್ಟು ಇಕ್ಕಿ ಕಳಿಸುತ್ತಿದ್ದರು. ನನಗೆ ಸಿಡುಬೆದ್ದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದದ್ದು ಆಯಮ್ಮ. ಮಾವನಿಗೆ ಹುಳಿಯಾರಿನ ಕಡೆ ಸಾರಾಯಿ ಕಂಟ್ರಾಕ್ಟು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾದಾಗಲೂ ಏನೂ ಅನ್ನಿಸಿರಲಿಲ್ಲ. ಯಾರದೋ ಅಪ್ಪನಿಗೆ ಬಟ್ಟೆ ಅಂಗಡಿ, ಯಾರದೋ ಮಾವನಿಗೆ ಸಾರಾಯಿ ಅಂಗಡಿ.

ಡಿಸೆಂಬರಿನಲ್ಲಿ ಕರೇಬೋರನಪಾಳ್ಯದಲ್ಲಿ ಆ ಸಾರಾಯಿ ಕುಡಿದು ಜನ ಸತ್ತರು. ಸತ್ತವರ ಹೆಸರು ಪೇಪರಿನಲ್ಲಿ ಪುಟ್ಟ ಅಕ್ಷರದಲ್ಲಿ ಬಂದಿತ್ತು. ಅದರಲ್ಲಿ ದುರ್ಗಯ್ಯ ಅಂತ ಇದ್ದದ್ದು ನಮ್ಮ ಅಂಗಳದಲ್ಲಿ ವರ್ಷಾವರ್ಷ ಕಾಯಿ ಸುಲಿಯಲು ಬರುತ್ತಿದ್ದ ದುರ್ಗಯ್ಯನೇ ಅಂತ ನನಗೆ ಆ ದಿನ ಹೊಳೆಯಲಿಲ್ಲ. ಸುಲಿಯುತ್ತಾ ಸುಲಿಯುತ್ತಾ ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿ, “ಏನ್ ಹಾಸ್ಟೆಲವ್ವ, ಇದ್ರಾಗೆ ನೀರೈತಾ, ಕೊಬ್ರಿ ಆಗೈತಾ, ಹೇಳು ನೋಡಾನ” ಅಂತ ಕೇಳುತ್ತಿದ್ದನಲ್ಲ. ನೀರಿದ್ದರೆ ಕೊಬ್ಬರಿ ಅನ್ನುತ್ತಿದ್ದೆ, ಕೊಬ್ಬರಿಯಾಗಿ ಲೊಡಲೊಡ ಅನ್ನುತ್ತಿದ್ದರೆ ನೀರು ಅನ್ನುತ್ತಿದ್ದೆ. ಅವನು ಸುಲಿಗೋಲಿಗೆ ಒರಗಿಕೊಂಡು ನಗುತ್ತಿದ್ದ. “ಇಂಗ್ಲೀಸು ಕಲ್ತು ಕಿವಿ ಕೆಟ್ಟೋಯ್ತು ಕಣ್ರವ್ವ ನಿಮ್ ಮಗೀಗೆ” ಅಂತ ನಿನ್ನನ್ನು ಕೂಗಿ ಹೇಳುತ್ತಿದ್ದ. ನೀನು ಅಡಿಗೆಮನೆಯ ಬಾಗಿಲಿನಿಂದ ನನ್ನ ಕಡೆ ಒಂದು ಥರ ನೋಡುತ್ತಿದ್ದೆ.

ಆಮೇಲೆ ಮಾವ ತಲೆತಪ್ಪಿಸಿಕೊಂಡರು. ಅವರಿಗೆ ಲೈಸೆನ್ಸು ಕೊಡಿಸಿದ್ದು ಯಾರು, ಪೊಲೀಸರ ಕಣ್ಣು ಕಟ್ಟಿದ್ದು ಯಾರು, ಶಾಸಕರು ಉತ್ತರ ಕೊಡಲಿ ಅಂತ ಪೇಪರಿನಲ್ಲಿ ಬರತೊಡಗಿತು. ಅಪ್ಪ ಕೊಟ್ಟ ಉತ್ತರವನ್ನು ನಾನು ಓದಿದ್ದು ಮೆಸ್ಸಿನಲ್ಲಿ, ಉಪ್ಪಿಟ್ಟು ತಿನ್ನುತ್ತಾ. “ಹಾಲಸ್ವಾಮಿ ಎಂಬ ವ್ಯಕ್ತಿಯ ಮುಖಪರಿಚಯವೂ ನನಗಿಲ್ಲ.” ಮತ್ತೆ ಮತ್ತೆ ಓದಿದೆ. ಸಿಟ್ಟು ಬರಲಿಲ್ಲ ಅಮ್ಮ, ಅಳುವೂ ಬರಲಿಲ್ಲ. ಲೆಕ್ಕ ತಾಳೆಯಾಗದಾಗ ಆಗುತ್ತದಲ್ಲ, ಹಾಗಾಯಿತು. ಅಪ್ಪ ಆ ಮುಖವನ್ನೇ ನೋಡಿಲ್ಲವಾದರೆ ನನ್ನ ಭಾನುವಾರಗಳೆಲ್ಲ ಯಾರ ಮನೆಯಲ್ಲಿ ಕಳೆದವು? ಪಕ್ಕದಲ್ಲಿದ್ದ ನನ್ನ ರೂಂಮೇಟ್ ಫ್ಲಾವಿಯಾ, ಇದು ನಿಮ್ಮ ಕಡೆಯ ಊರಲ್ಲವಾ ಅಂದಳು. ನಮ್ಮಿಂದ ತುಂಬಾ ದೂರ ಅಂದೆ. ನನ್ನ ಅಪ್ಪ ಎಮ್ಮೆಲ್ಲೆ ಅಂತ ಇಲ್ಲಿ ಅವಳಿಗೂ ಹೇಳಿಲ್ಲ, ತೆಂಗಿನ ತೋಟ ಇದೆ ಅಂತ ಅಷ್ಟೇ ಹೇಳಿದ್ದೇನೆ.

ಇನ್ನೊಂದು ನಿನಗೆ ಗೊತ್ತಿಲ್ಲ. ಅದೇ ವಾರ ಕಾಲೇಜಿನವರು ಮೆರವಣಿಗೆ ಮಾಡಿದರು. ಸೀನಿಯರ್ ಒಬ್ಬಳು ಬಂದು, “ಏ ಫಸ್ಟ್ ಇಯರ್, ಸುಮ್ನೆ ನಿಂತಿದ್ದೀಯಲ್ಲ, ಹಿಡ್ಕೋ” ಅಂತ ಬ್ಯಾನರಿನ ಒಂದು ಕೋಲನ್ನು ನನ್ನ ಕೈಗೆ ಕೊಟ್ಟಳು. ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಅರ್ಧ ದಾರಿಗೆ ಬಂದ ಮೇಲೆ ಬ್ಯಾನರಿನ ಮೇಲೇನಿದೆ ಅಂತ ಬಗ್ಗಿ ನೋಡಿದೆ. “ಶಾಸಕ ಶಂಭುಲಿಂಗಯ್ಯನವರೇ, ಬಾಯಿ ಬಿಡಿ” ಅಂತ ಇತ್ತು. ಕೋಲು ಬಿಟ್ಟರೆ ಬ್ಯಾನರ್ ಕೆಳಗೆ ಬೀಳುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಕೊನೆಯ ತನಕ ಹಿಡಿದುಕೊಂಡೇ ಹೋದೆ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು, ಮುಗಿದ ಮೇಲೆ ಎಲ್ಲರಿಗೂ ಲಿಂಬು ಪಾನಕ ಕೊಟ್ಟರು, ಕುಡಿದೆ.

ಜನವರಿ ಕಳೆದ ಮೇಲೆ ನಂಜುಂಡಪ್ಪ ಜೀಪು ತಂದು, ಸಾಹೇಬರು ಕರೆದಿದ್ದಾರೆ ಅಂದ. ದಾರಿಯಲ್ಲಿ ಎಲ್ಲ ಹೇಳಿದ. ಕರೇಬೋರನಪಾಳ್ಯದಲ್ಲಿ ಸಭೆ ಸೇರಿದ್ದರಂತೆ. ಘೇರಾವ್ ಮಾಡೋಣ ಅಂತ ಕೆಲವರು, ಕೋರ್ಟಿಗೆ ಹಾಕೋಣ ಅಂತ ಕೆಲವರು. ಆಗ ದುರ್ಗಯ್ಯನ ಹೆಂಡತಿ ಕಲ್ಲಮ್ಮ ಎದ್ದು, “ಅವೆಲ್ಲ ಬ್ಯಾಡ ಬುಡಿ. ಹಾಲಸ್ವಾಮಿ ಯಾರೂಂತ ನಂಗೊತ್ತಿಲ್ಲ ಅಂತಾರಲ್ಲ ಆ ಸ್ವಾಮೇರು, ಅದ್ನೇ ಗುಡಿ ಅಮ್ಮನ ಮುಂದೆ ಕಾಯಿ ಹಿಡ್ದು ಹೇಳ್ಲಿ. ವರ್ಷೊಪ್ಪತ್ತು ತಡ್ಕೊಂಡಿರ್ತೀವಿ. ಅಮ್ಮ ಏನ್ ಹೇಳ್ತಾಳೋ ಹೇಳ್ಲಿ” ಅಂದಳಂತೆ.

ಆ ಊರಿನ ಆಣೆಕಾಯಿಯ ಪದ್ಧತಿ ನನಗೆ ಗೊತ್ತಿರಲಿಲ್ಲ, ನಂಜುಂಡಪ್ಪನೇ ಬಿಡಿಸಿ ಹೇಳಿದ. ಆಣೆ ಇಡುವವನು ತನ್ನ ತೋಟದ, ನೀರು ತುಂಬಿದ, ಸಿಪ್ಪೆ ಸುಲಿಯದ ಹೊಸಗಾಯಿಗೆ ಅರಿಶಿನ ಬಳಿದು ತರಬೇಕು. ಅದನ್ನು ಎತ್ತಿ ಹಿಡಿದು ಮಾತು ಹೇಳಿ ಅಮ್ಮನಿಗೆ ಒಪ್ಪಿಸಬೇಕು. ಕಾಯಿ ಗುಡಿಯ ಅಟ್ಟಕ್ಕೆ ಹೋಗುತ್ತದೆ. ನಮ್ಮ ಮನೆಯ ಕಾಯಿಗಳ ಹಾಗೇ ಅದೂ ವರ್ಷವೆಲ್ಲ ಅಲ್ಲಿ ಒಣಗಬೇಕು. ವರ್ಷ ತುಂಬಿದ ಮೇಲೆ ಎಲ್ಲರ ಮುಂದೆ ಒಡೆಯುತ್ತಾರೆ. ಒಳಗೆ ನೀರು ಇಂಗಿ ದುಂಡಗೆ ಒಳ್ಳೆ ಕೊಬ್ಬರಿಯಾಗಿದ್ದರೆ ಮಾತು ನಿಜ. ಕೊಳೆತು ನಾರಿದರೆ ಸುಳ್ಳು. ನಾನು ಕಿಟಕಿಯಾಚೆ ನೋಡುತ್ತಾ, ಅಪ್ಪ ಒಪ್ಪಿದರಾ ಅಂದೆ. “ಒಪ್ದೇ ಇರ್ತಾರಾ? ಒಪ್ದಿದ್ರೆ ಆವಾಗ್ಲೇ ಸುಳ್ಳು ಅಂದಂಗಾಯ್ತಲ್ಲವ್ವ” ಅಂದ.

ಅಪ್ಪನಿಗೆ ಭಯವಿರಲಿಲ್ಲ. ಆ ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ನಿನಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. “ಒಂದ್ವರ್ಷ ಕಣೇ ಸಿದ್ದಗಂಗಾ. ವರ್ಷದಲ್ಲಿ ಯಾರ್ಯಾರು ಎಲ್ಲೆಲ್ಲಿರ್ತಾರೋ. ಯಾವ್ ಕಾಯಿ, ಯಾವ್ ಆಣೆ, ಒಬ್ರಿಗೂ ಗ್ಯಾನ ಇರಲ್ಲ.” ನೀನು ಅರಿಶಿನ ಕಲಸುತ್ತಿದ್ದೆ. ಅಪ್ಪ ನನ್ನ ಗಲ್ಲ ಮುಟ್ಟಿ, “ರೇಷ್ಮೆ ಲಂಗ ಹಾಕ್ಕೋ ಮಗಳೇ, ಪಕ್ದಾಗೆ ನಿಂತ್ಕೋಬೇಕು ನೀನು” ಅಂದರು. ಮಾವ ಎಲ್ಲಿದ್ದಾರೆ ಅಂತ ಕೇಳಿದೆ. ಯಾವ ಮಾವ ಅಂದರು. ನಗುತ್ತಲೇ ಅಂದರು, ಆದರೆ ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ.

ಆಮೇಲೆ ನೀನು ನನ್ನನ್ನು ಅಟ್ಟಕ್ಕೆ ಕಳಿಸಿದೆ. “ಏಣಿ ಪಕ್ಕದ್ದೇ ಒಂದು ತಗಂಬಾ. ಒಳಕ್ಕೋಗ್ಬ್ಯಾಡ, ಅದು ಹೋದ್ವರ್ಷದ್ದು” ಅಂದೆ. ಅಟ್ಟದ ಮೇಲೆ ಕತ್ತಲೆ. ಕೆಳಗಿನ ಒಲೆಯ ಹೊಗೆ ತಡಿಕೆಯ ಸಂದಿಯಿಂದ ಬಂದು ಕಣ್ಣು ಉರಿಯುತ್ತಿತ್ತು. ಲಂಗ ಬೇರೆ ಕಾಲಿಗೆ ತೊಡರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಎದೆಗವಚಿಕೊಂಡು ಇಳಿದೆ. ಯಾವ ರಾಶಿ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ಅಂತ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಹೇಗೆ ಗೊತ್ತಾಗಬೇಕು? ಮನೆಯವರೆಲ್ಲ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ನೀನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿ, ಸುತ್ತ ಅರಿಶಿನ ಮೆತ್ತಿ, ತಟ್ಟೆಯಲ್ಲಿ ಅಕ್ಕಿಯ ಮೇಲಿಟ್ಟು ಕೆಂಪು ವಸ್ತ್ರ ಮುಚ್ಚಿ ನಂಜುಂಡಪ್ಪನ ಕೈಗೆ ಕೊಟ್ಟೆ. ನಿನ್ನ ಕೈ ಒಂದು ಕ್ಷಣ ನಿಂತ ಹಾಗಿತ್ತು. ನಿಂತಿತ್ತೇ ಅಮ್ಮ? ಇದನ್ನು ನಿನ್ನನ್ನು ಕೇಳಬೇಕೆಂದು ಎಷ್ಟು ದಿನದಿಂದ ಅಂದುಕೊಂಡಿದ್ದೇನೆ.

ಗುಡಿಯ ಮುಂದೆ ಚಪ್ಪರ, ಮೈಕು, ಪೇಪರಿನವರು. ನೀನು ಹೆಂಗಸರ ಕಡೆ ಇದ್ದೆ. ನಾನು ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಸತ್ತವರ ಮನೆಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಲ್ಲಮ್ಮ ಕಾಲು ಮಡಚಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾದು ಕೂತವಳ ಹಾಗೆ ಇದ್ದಳು. ಅಪ್ಪ ಚೆನ್ನಾಗಿ ಮಾತಾಡಿದರು. ನಾನು ನಿಮ್ಮ ಮನೆಮಗ, ಈ ಕಲ್ಪವೃಕ್ಷದ ಸೀಮೆಯ ಮಣ್ಣು ತಿಂದು ಬೆಳೆದವನು, ಅಂತ ಏನೇನೋ. ಪೂಜಾರಿ ವಸ್ತ್ರ ಸರಿಸಿ ಕಾಯಿಯನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ತೋಟದ ಕಾಯಿ ಮುಟ್ಟಿ ಎಷ್ಟು ವರ್ಷವಾಯಿತೋ, ಅದರ ತೂಕವೇ ಅವರಿಗೆ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಮೈಕಿನ ಎತ್ತರಕ್ಕೆ ಹಿಡಿದು, “ಈ ಅಮ್ಮನಾಣೆಗೂ ಆ ಹಾಲಸ್ವಾಮಿ ಅನ್ನೋನ ಮುಖ...” ಅಂದರು. ಭಾಷಣ ಮಾಡುವಾಗ ಅಪ್ಪನ ಕೈಯಲ್ಲಿ ಏನಿದ್ದರೂ, ಕಾಗದವಾಗಲಿ ಕನ್ನಡಕವಾಗಲಿ, ಜೋರಾಗಿ ಅಲ್ಲಾಡಿಸುತ್ತಾರಲ್ಲ. ಕಾಯಿಯನ್ನೂ ಅಲ್ಲಾಡಿಸಿದರು.

ಲೊಡಲೊಡ ಅಂತು. ಮೈಕಿನಲ್ಲಿ.

ಇಲ್ಲಿ ಬೆಂಗಳೂರಿನಲ್ಲಾಗಿದ್ದರೆ ಒಬ್ಬರಿಗೂ ಏನೂ ಅನ್ನಿಸುತ್ತಿರಲಿಲ್ಲ. ಫ್ಲಾವಿಯಾಗೆ ಹೇಳಿದರೆ, ಸೋ ವಾಟ್ ಅನ್ನುತ್ತಾಳೆ. ಅಲ್ಲಿ ಇಡೀ ಚಪ್ಪರ ಉಸಿರು ಬಿಗಿಹಿಡಿಯಿತು. ಚಿಕ್ಕ ಮಕ್ಕಳೂ ತಲೆ ಎತ್ತಿದರು. ಅಪ್ಪನಿಗೆ ಮಾತ್ರ ಕೇಳಿಸಲಿಲ್ಲ ಅಂತ ಕಾಣುತ್ತದೆ, ಜನ ತನ್ನ ಮಾತಿಗೆ ಕರಗಿದರು ಅಂತ ತಿಳಿದು ಇನ್ನೊಂದು ಸಲ ಅಲ್ಲಾಡಿಸಿದರು. ಆಗ ಹಿಂದುಗಡೆಯಿಂದ ಒಬ್ಬ ಮುದುಕ ಕೂಗಿದ. “ಅದು ಆಗ್ಲೇ ಕೊಬ್ರಿ ಆಗೋಗೈತೆ ಕಣಣ್ಣೋ! ಅಮ್ಮ ಅದ್ನ ಅಟ್ಟಕ್ಕಾಕ್ಕೊಂಡು ಇನ್ನೇನ್ ಒಣಗ್ಸಾಳು?” ಇನ್ನೊಬ್ಬ, “ಎಲೆಕ್ಸನ್ನಿಗೆ ಮುಂಚೇನೆ ಓಟು ಎಣ್ಸ್ಕೊಂಡು ಬಂದವ್ರೆ ಬುಡಪ್ಪ” ಅಂದ. ಇಡೀ ಚಪ್ಪರ ನಕ್ಕಿತು. ಸತ್ತವರ ಮನೆಯವರ ಹಿಂದೆಯೇ ಕೂತು ನಕ್ಕರು ಅಮ್ಮ, ಹೊಟ್ಟೆ ಹಿಡಿದುಕೊಂಡು.

ಕಲ್ಲಮ್ಮ ನಗಲಿಲ್ಲ. ಎದ್ದು ಬಂದು ಅಪ್ಪನ ಕೈಯಿಂದ ಕಾಯಿ ಇಸಿದುಕೊಂಡು ಕಿವಿಯ ಹತ್ತಿರ ಒಂದೇ ಸಲ ಅಲ್ಲಾಡಿಸಿದಳು. ದುರ್ಗಯ್ಯನೂ ಹಾಗೇ ಹಿಡಿಯುತ್ತಿದ್ದ, ತಲೆಯನ್ನು ಸ್ವಲ್ಪ ವಾಲಿಸಿ. “ನೀರಿಲ್ಲ ಸ್ವಾಮೇರ” ಅಂದಳು. ಬೈಯಲಿಲ್ಲ. ಮತ್ತೆ ಅಪ್ಪನ ಕೈಯಲ್ಲೇ ಇಟ್ಟು, ಹೋಗಿ ತನ್ನ ಜಾಗದಲ್ಲಿ ಕೂತಳು. ಆ ಕಾಯಿ ಅಟ್ಟ ಹತ್ತಲಿಲ್ಲ. ಪೂಜಾರಿ ಮತ್ತೆ ಅದನ್ನು ಮುಟ್ಟಲಿಲ್ಲ. ಜೀಪಿನಲ್ಲಿ ನಮ್ಮ ಜೊತೆಗೇ, ನನ್ನ ಕಾಲ ಬಳಿ ಉರುಳಾಡುತ್ತಾ ಮನೆಗೆ ಬಂತು. ಹಳ್ಳ ಬಂದಾಗಲೆಲ್ಲ ಸದ್ದು ಮಾಡಿತು.

ಮಾರನೆಯ ದಿನದ ಪೇಪರಿನಲ್ಲಿ ಏನು ಬಂತು ಅಂತ ನಿನಗೆ ಗೊತ್ತು. ಇನ್ನು ಕೊಳೆಯಲಾರದ ಕಾಯಿ ಇಟ್ಟು ಗುಡಿಯ ಅಮ್ಮನಿಗೇ ಮೋಸ ಮಾಡಲು ಹೋದ ಶಾಸಕ ಅಂತ. ಇಷ್ಟು ವರ್ಷ ಅಪ್ಪ ಏನೇನು ಮಾಡಿದರೋ ನನಗೆ ಪೂರ್ತಿ ಗೊತ್ತಿಲ್ಲ, ಆದರೆ ಅಪ್ಪ ಮಾಡದೇ ಇದ್ದ ಮೋಸ ಅದೊಂದೇ. ಸಿಕ್ಕಿಬಿದ್ದದ್ದು ಅದರಲ್ಲಿ. ಈಗ ಹಾಲಸ್ವಾಮಿ ಯಾರು ಅಂತ ಕೇಳುವವರೆಲ್ಲ ಮೊದಲು ಆ ಕಾಯಿ ಯಾರದ್ದು ಅಂತ ಕೇಳುತ್ತಿದ್ದಾರಂತೆ. ತನಿಖೆ ಆಗಲಿ ಅಂತ ಅಪ್ಪನ ಪಾರ್ಟಿಯವರೇ ಹೇಳಿಕೆ ಕೊಟ್ಟಿದ್ದಾರೆ.

ಗುಡಿಯಿಂದ ವಾಪಸ್ ಬಂದ ಆ ಸಂಜೆಯೇ ಅಪ್ಪ ನಡುಮನೆಯಲ್ಲಿ ಕೂತು, ಕಾಯಿ ತಂದೋರು ಯಾರು ಅಂದರು. ಒಂದೇ ಸಲ ಅಂದರು, ಮೆತ್ತಗೆ. ನಂಜುಂಡಪ್ಪ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ನೀನು ಒಳಗಿನಿಂದ ಬಂದು, “ನಾನೇ ಹತ್ತಿ ತಗಂಬಂದೆ. ಕಣ್ ಮಂಜಾಗಿತ್ತು, ತಪ್ಪೋಯ್ತು” ಅಂದೆ. ಅಪ್ಪ ನಕ್ಕರು. “ಹುಟ್ಟಿದಾಗ್ನಿಂದ ಕಾಯಿ ನಡುವೆ ಬೆಳ್ದೋಳು ನೀನು. ಕಣ್ಣು ಯಾಕೆ ಬೇಕು ನಿಂಗೆ? ಹಾಸ್ಟೆಲ್ ಮಗು ತಂದಿದ್ರೆ ತಪ್ಪು ಅನ್ನಬೋದಿತ್ತು. ನೀನು ತಂದ್ಮೇಲೆ ಅದು ತಪ್ಪಲ್ಲ” ಅಂದರು. ಆಮೇಲೆ, ನಾಲ್ಕು ದಿನ ಶೆಟ್ಟಿಕೆರೆಗೆ ಹೋಗಿರು ಅಂದರು. ನೀನು ಸರಿ ಅಂದೆ. ನಾನು ಅಲ್ಲೇ ಇದ್ದೆ. ನನ್ನ ಪಾಡಿಗೆ ಗೋಡೆಗೆ ಒರಗಿ ನಿಂತಿದ್ದೆ. ರಾತ್ರಿ ನೀನು ರೊಟ್ಟಿ ತಟ್ಟಿದೆ, ಎಲ್ಲರೂ ಉಂಡೆವು. ಬೆಳಿಗ್ಗೆ ನೀನು ಟ್ರಂಕಿಗೆ ಸೀರೆ ಜೋಡಿಸಿದೆ, ನಾನು ಮಡಿಚಿಕೊಟ್ಟೆ. ಅಷ್ಟೇ. ನೋವಾಗಬೇಕಾದ ಜಾಗದಲ್ಲಿ ಡೆಂಟಿಸ್ಟ್ ಇಂಜೆಕ್ಷನ್ ಕೊಟ್ಟ ಹಾಗಿದೆ. ನಾಲಿಗೆಯಿಂದ ಮುಟ್ಟಿ ನೋಡಿದರೆ ಹಲ್ಲಿದೆ, ಆದರೆ ನನ್ನದಲ್ಲ.

ಈಗ ವಾರ್ಡನ್ ಮಾತು. ಅವರೂ ಪೇಪರ್ ಓದುತ್ತಾರೆ. ಆಫೀಸಿಗೆ ಕರೆದು, ಪೊಲೀಸರು ಹುಡುಕುತ್ತಿರುವ ಮನುಷ್ಯ ಈ ಹಾಸ್ಟೆಲ್ಲಿನಲ್ಲಿ ಯಾರಿಗೂ ಗಾರ್ಡಿಯನ್ ಆಗಿರಲು ಆಗುವುದಿಲ್ಲ, ೨೪ನೇ ತಾರೀಕು ಶನಿವಾರದ ಒಳಗೆ ಬೇರೆ ಹೆಸರು ಕೊಡು, ಊರಿನ ಕಡೆಯ ನೆಂಟರಾದರೂ ಸರಿ ಅಂದರು. ಹಾಗೆಯೇ ಕನ್ನಡಕದ ಮೇಲಿಂದ ನೋಡಿ, ನಿಮ್ಮ ತಂದೆಗೆ ಇವರ ಪರಿಚಯವೇ ಇಲ್ಲವಂತಲ್ಲ ಅಂದರು. ನಾನು ನೆಲ ನೋಡುತ್ತಾ ಎಸ್ ಮೇಡಂ ಅಂದೆ. ಯಾವುದಕ್ಕೆ ಎಸ್ ಅಂದೆನೋ. ಅವರೂ ಕೇಳಲಿಲ್ಲ.

ಅಪ್ಪ ನಂಜುಂಡಪ್ಪನ ಕೈಲಿ ಹೇಳಿಕಳಿಸಿದ್ದಾರೆ. ಅವರ ಪಾರ್ಟಿಯ ಯಾರದೋ ಹೆಸರು ಕೊಡಬೇಕಂತೆ. ಯಾರಾದರೂ ಕೇಳಿದರೆ ಮೊದಲಿನಿಂದಲೂ ಅವರೇ ಗಾರ್ಡಿಯನ್ ಅನ್ನಬೇಕಂತೆ. ಆ ಮನುಷ್ಯನನ್ನು ನಾನು ಒಂದು ಸಲವೂ ನೋಡಿಲ್ಲ. ತಮಾಷೆಯಾಗಿದೆ ಅಲ್ಲವಾ? ನೋಡಿದವರನ್ನು ನೋಡಿಲ್ಲ ಅನ್ನಬೇಕು, ನೋಡದವರನ್ನು ನೋಡಿದ್ದೇನೆ ಅನ್ನಬೇಕು.

ಭಾನುವಾರ ಪುಟ್ಟಗೌರಮ್ಮತ್ತೆ ಬಂದಿದ್ದರು. ಗೇಟಿನ ಹತ್ತಿರ, ಯಾವಾಗಿನ ಹಾಗೆ ಸ್ಟೀಲಿನ ಡಬ್ಬಿ ಹಿಡಿದುಕೊಂಡು. ಒಳಗೆ ಬಿಡಲಿಲ್ಲ. ಮಾವನ ಸುದ್ದಿ ಏನೂ ಗೊತ್ತಿಲ್ಲವಂತೆ, ಅತ್ತೆ ಇಳಿದುಹೋಗಿದ್ದಾರೆ. ಕಂಬಿಯ ಸಂದಿಯಿಂದ ಡಬ್ಬಿ ಕೊಡುತ್ತಾ, “ನಿಮ್ಮಪ್ಪ ನಮ್ಮ ಮೊಖಾನೇ ನೋಡಿಲ್ವಂತಲ್ಲ ಕಣವ್ವ. ಚಕ್ಲಿನಾದ್ರೂ ನೋಡವ್ರಾ ಇಲ್ವಾ, ಕೇಳು” ಅಂತ ನಕ್ಕರು. ನಕ್ಕು ಅಲ್ಲೇ ಸೆರಗು ಬಾಯಿಗೆ ಹಿಡಿದುಕೊಂಡರು. ಅವರ ಮನೆಯ ಸಾರಾಯಿಯಿಂದ ದುರ್ಗಯ್ಯ ಸತ್ತ. ಅವರ ಕೈಯ ಎಣ್ಣೆ ನನ್ನ ತಲೆಯಲ್ಲಿ ಇನ್ನೂ ಇದೆ. ಇವೆರಡನ್ನೂ ಒಟ್ಟಿಗೆ ಎಲ್ಲಿಡಬೇಕೋ ನನಗೆ ತಿಳಿಯುತ್ತಿಲ್ಲ. ಚಕ್ಕುಲಿ ಫ್ಲಾವಿಯಾಗೂ ಕೊಟ್ಟೆ, ನಾನೂ ತಿಂದೆ.

ಶನಿವಾರದೊಳಗೆ ನಾನು ಒಂದು ಹೆಸರು ಬರೆಯಬೇಕು. ಕರಿಬಸವಯ್ಯ ಮಾವನ ಹೆಸರು ಬರೆಯಲೇ? ಅವರ ಹೆಸರು ಬರೆದರೆ ನೀನು ಇರುವ ವಿಳಾಸ ನನ್ನ ಮನೆಯ ವಿಳಾಸ ಆಗುತ್ತದೆ. ಅಪ್ಪನಿಗೆ ಅದು ಅರ್ಥವಾಗುತ್ತದೆ. ಮಾವನಿಗೆ ಭಾರವಾಗುವುದಾದರೆ ಬೇಡ, ಸಂಕೋಚ ಮಾಡಿಕೊಳ್ಳದೆ ಹೇಳು. ಅಪ್ಪ ಓದು ಬಿಡಿಸುತ್ತಾರೋ ಏನೋ ಅಂತಲೂ ಯೋಚನೆ ಬರುತ್ತದೆ. ಬಂದರೆ ಬರಲಿ ಅಂತ ಅದನ್ನೂ ಒಂದು ಪಕ್ಕಕ್ಕೆ ಇಟ್ಟಿದ್ದೇನೆ.

ಬಿಸಿಲು ಶುರುವಾಗಿದೆ, ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಕೂರಬೇಡ, ನಿನಗೆ ತಲೆನೋವು ಬರುತ್ತದೆ. ಕಣ್ಣು ಮಂಜು ಅಂತ ಎಲ್ಲರ ಮುಂದೆ ಹೇಳಿದ್ದೀಯ, ಅಲ್ಲಿ ಸೂಜಿಗೆ ದಾರ ಪೋಣಿಸುತ್ತಾ ಕೂರಬೇಡ.

ನಿನ್ನ ಮಗಳು,
ಗಿರಿಜಾ

ಮರೆತಿದ್ದು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಅಟ್ಟದ ಮೇಲೆ ಕತ್ತಲೆ ಇದ್ದದ್ದು ನಿಜ. ಆದರೆ ದುರ್ಗಯ್ಯ ಕೇಳಿದಾಗಲೆಲ್ಲ ನಾನು ಬೇಕೆಂದೇ ತಪ್ಪು ಹೇಳುತ್ತಿದ್ದೆ, ಅವನು ನಗಲಿ ಅಂತ. ಅದು ನಿನಗೊಬ್ಬಳಿಗೇ ಗೊತ್ತಿತ್ತು. ಏಣಿ ಪಕ್ಕದ ರಾಶಿಯಿಂದ ಮೊದಲು ಎತ್ತಿಕೊಂಡ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ, ನೀರಿತ್ತು. ಅದನ್ನು ಇದ್ದ ಜಾಗದಲ್ಲೇ ಇಟ್ಟು, ಬಗ್ಗಿಕೊಂಡು ಒಳಗೆ, ಹೋದ ವರ್ಷದ ರಾಶಿಯ ಕಡೆ ಹೋದೆ. ನೀನು ಸೆರಗಿನಿಂದ ಒರೆಸುವಾಗ ಅದು ಒಂದು ಸಲ ಸದ್ದು ಮಾಡಿತು. ನೀನು ನನ್ನ ಮುಖ ನೋಡಲಿಲ್ಲ, ಅರಿಶಿನದ ಬಟ್ಟಲು ಹತ್ತಿರ ಎಳೆದುಕೊಂಡೆ.

ಕಾಯಿ ತಂದವಳು ನಾನು, ಅಲ್ಲಾಡಿಸಿ ನೋಡಿಯೇ ತಂದೆ ಅಂತ ಅಪ್ಪನಿಗೆ ಬರೆದಿದ್ದೇನೆ. ಅರಿಶಿನದ ಬಟ್ಟಲಿನ ಮಾತು ಅದರಲ್ಲಿಲ್ಲ. ಆ ಕಾಗದವನ್ನು ಬೆಳಿಗ್ಗೆಯೇ ಅಂಚೆ ಡಬ್ಬಿಗೆ ಹಾಕಿ ಬಂದೆ. ಇನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಕರಿಬಸವಯ್ಯ ಮಾವನ ಹೆಸರು ಬರೆಯಲೇ ಬೇಡವೇ, ಅಷ್ಟು ಮಾತ್ರ ಒಂದು ಕಾರ್ಡಿನಲ್ಲಿ ಬರಿ. ಬೇಗ ಬರಿ.